ಅರೋನಿಯನ್–ಆನಂದ್, 2013: ಮೆರಾನ್ ಓಪನಿಂಗ್ ಕಲಿಯೋಕೆ ಈ ಒಂದು ಆಟ ಸಾಕಾ?

ಕುಕ್ಕರಹಳ್ಳಿ ಕುದುರೆ (ಮೈಸೂರು)

ಎಲ್ಲರಿಗೂ ನಮಸ್ಕಾರ.

ಕುವೆಂಪುನಗರದಲ್ಲಿ ಭಾನುವಾರ ಸೇರುವ ನಮ್ಮ ಚೆಸ್ ಗುಂಪಿನಲ್ಲಿ ಈ ತಿಂಗಳು ಒಂದೇ ಆಟ ಹಿಡಿದು ಕೂರೋಣ ಎಂದು ಮಾತಾಗಿದೆ. ಮಂಡ್ಯ, ಪಾಂಡವಪುರದ ಕಡೆಯವರೂ ಇರುವುದರಿಂದ ಚರ್ಚೆ ಇಲ್ಲೇ ಶುರು ಮಾಡುತ್ತಿದ್ದೇನೆ. ಬರುವ ಮುಂಚೆ ಮನೆಯಲ್ಲಿ ಬೋರ್ಡ್ ಇಟ್ಟು ಒಂದು ಸಲ ಆಡಿಕೊಂಡು ಬನ್ನಿ.

ಬಿಳಿ ಲೆವೋನ್ ಅರೋನಿಯನ್, ಕಪ್ಪು ವಿಶ್ವನಾಥನ್ ಆನಂದ್. ನೆದರ್‌ಲೆಂಡ್ಸ್‌ನ ವೈಕ್ ಆನ್ ಜೀ, ಟಾಟಾ ಸ್ಟೀಲ್ ಟೂರ್ನಿ, ಜನವರಿ 2013. ಆಗ ಆನಂದ್ ಇನ್ನೂ ವಿಶ್ವ ಚಾಂಪಿಯನ್. ಟೂರ್ನಿ ಗೆದ್ದದ್ದು 13ಕ್ಕೆ 10 ಅಂಕ ಪಡೆದ ಕಾರ್ಲ್‌ಸನ್. ಆದರೆ ಆ ವರ್ಷದ ಟೂರ್ನಿ ಎಂದರೆ ನನಗೆ ಮೊದಲು ನೆನಪಾಗುವುದು ಈ ಆಟವೇ. ಬರೀ 23 ನಡೆ. ಕಪ್ಪು ಆಡಿದ ಓಪನಿಂಗ್ (ಆರಂಭದ ನಡೆಗಳ ಕ್ರಮ) ಹೆಸರೇ ಮೆರಾನ್. ಕೆಳಗೆ ಕಾಯಿಯ ಹೆಸರಿಲ್ಲದ ನಡೆ ಕಾಲಾಳಿನದು, × ಎಂದರೆ ಹೊಡೆತ.

1. ಡಿ4 ಡಿ5
2. ಸಿ4 ಸಿ6
3. ಕುದುರೆ ಎಫ್3, ಕುದುರೆ ಎಫ್6
4. ಕುದುರೆ ಸಿ3, ಇ6
5. ಇ3, ಕುದುರೆ ಬಿಯಿಂದ ಡಿ7
6. ಒಂಟೆ ಡಿ3, ಡಿ×ಸಿ4
7. ಒಂಟೆ×ಸಿ4, ಬಿ5
8. ಒಂಟೆ ಡಿ3, ಒಂಟೆ ಡಿ6
9. ಕ್ಯಾಸ್ಲಿಂಗ್, ಕ್ಯಾಸ್ಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ; ಇಬ್ಬರೂ ರಾಜನ ಕಡೆಗೆ)
10. ರಾಣಿ ಸಿ2, ಒಂಟೆ ಬಿ7
11. ಎ3, ಆನೆ ಸಿ8
12. ಕುದುರೆ ಜಿ5, ಸಿ5
13. ಕುದುರೆ×ಹೆಚ್7, ಕುದುರೆ ಜಿ4
14. ಎಫ್4, ಸಿ×ಡಿ4
15. ಇ×ಡಿ4, ಒಂಟೆ ಸಿ5
16. ಒಂಟೆ ಇ2, ಕುದುರೆ ಡಿಯಿಂದ ಇ5
17. ಒಂಟೆ×ಜಿ4, ಒಂಟೆ×ಡಿ4 ಚೆಕ್
18. ರಾಜ ಹೆಚ್1, ಕುದುರೆ×ಜಿ4
19. ಕುದುರೆ×ಎಫ್8, ಎಫ್5
20. ಕುದುರೆ ಜಿ6, ರಾಣಿ ಎಫ್6
21. ಹೆಚ್3, ರಾಣಿ×ಜಿ6
22. ರಾಣಿ ಇ2, ರಾಣಿ ಹೆಚ್5
23. ರಾಣಿ ಡಿ3, ಒಂಟೆ ಇ3. ಬಿಳಿ ಸೋಲೊಪ್ಪಿತು.

ಇದನ್ನೇ ಏಕೆ ಆರಿಸಿದೆ ಎಂದು ಹೇಳಿಬಿಡುತ್ತೇನೆ. ನಮ್ಮ ಮಕ್ಕಳಿಗೆ ಮೊದಲ ಹತ್ತು ನಡೆ ಚೆನ್ನಾಗಿ ಬಾಯಿಪಾಠ ಆಗಿರುತ್ತದೆ. ಯಾವ ಓಪನಿಂಗ್ ಕೇಳಿದರೂ ಪಟಪಟ ಅಂತ ಇಡುತ್ತಾರೆ. ಹನ್ನೊಂದನೆಯ ನಡೆಗೆ ಬಂದಾಗ ಕೈ ನಿಂತುಹೋಗುತ್ತದೆ. "ಈ ಒಂಟೆ ಬಿ7ರಲ್ಲಿ ಏಕಿದೆ?" ಎಂದು ಕೇಳಿದರೆ "ಅಲ್ಲೇ ಇಡಬೇಕು ಸರ್" ಎನ್ನುತ್ತಾರೆ. ಅದು ಉತ್ತರ ಅಲ್ಲ. ಆ ಒಂಟೆ ಇಪ್ಪತ್ತನೆಯ ನಡೆ ದಾಟಿದ ಮೇಲೆ ಏನು ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಮಾತ್ರ ಹತ್ತನೆಯ ನಡೆಯಲ್ಲಿ ಅದನ್ನು ಅಲ್ಲಿ ಇಡುವುದಕ್ಕೆ ಅರ್ಥ. ಓಪನಿಂಗನ್ನು ಮುಂದಿನಿಂದ ಹಿಂದಕ್ಕೆ ಓದಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಈ ಆಟಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮಂಡ್ಯದ ಆನೆ

ಸರ್, ಆಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಹುಡುಗರಿಗೆ ಇದು ಜಾಸ್ತಿ ಆಗಲ್ವಾ? ನಮ್ಮ ಕಡೆ ಬರುವವರಲ್ಲಿ ಮುಕ್ಕಾಲು ಪಾಲು ಮೊದಲ ನಡೆಗೆ ಇ4 ಆಡುವ ಮಕ್ಕಳು. ಅವರಿಗೆ ಪಾಲ್ ಮಾರ್ಫಿ 1858ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಆಡಿದ ಆಟ ಕೊಡಿ. ಅದು 17 ನಡೆ. ಮಾರ್ಫಿಯ ಕಾಯಿಗಳು ಬೇಗ ಬೇಗ ಹೊರಗೆ ಬರುತ್ತವೆ. ಎದುರಾಳಿಯ ರಾಜನ ಕಡೆಯ ಒಂಟೆ, ಆನೆ ಮನೆ ಬಿಟ್ಟು ಕದಲುವುದೇ ಇಲ್ಲ. ಕೊನೆಗೆ ರಾಣಿಯನ್ನೇ ಬಿ8ರಲ್ಲಿ ಕೊಟ್ಟು ಆನೆಯಿಂದ ಡಿ8ರಲ್ಲಿ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್, ಆಟ ಮುಗಿಯಿತು). ಕಣ್ಣಿಗೆ ಕಾಣುವ ಹಾಗೆ ಕಾರಣ ಇದೆ.

ಮೆರಾನ್‌ನಲ್ಲಿ ಕಾಯಿಗಳು ಹಿಂದೆ ಕೂತಿರುತ್ತವೆ. ಮಕ್ಕಳಿಗೆ ಬೇಜಾರಾಗುತ್ತದೆ. ಹದಿನೈದು ನಡೆ ಆದರೂ ಏನೂ ಆಗಿಲ್ಲ ಅನ್ನಿಸುತ್ತದೆ.

ಕುಕ್ಕರಹಳ್ಳಿ ಕುದುರೆ

ಆರಂಭದವರಿಗೆ ಮಾರ್ಫಿ ಆಟವೇ ಸರಿ. ಅದನ್ನು ಎಲ್ಲರೂ ಮೊದಲು ನೋಡಲೇಬೇಕು. ಆದರೆ ಅಲ್ಲಿ ಎದುರಾಳಿಗಳು ದುರ್ಬಲರು. ಮಾರ್ಫಿ ಎದುರು ಕೂತ ಒಬ್ಬ ಡ್ಯೂಕ್ ಮತ್ತು ಒಬ್ಬ ಕೌಂಟ್ ಇಬ್ಬರೂ ಸೇರಿ ಆಡಿದರೂ ಮೂರನೆಯ ನಡೆಯಲ್ಲೇ ತೊಂದರೆ ತಂದುಕೊಂಡರು. ನಮ್ಮ ಹುಡುಗರು ಟೂರ್ನಿಗೆ ಹೋದಾಗ ಎದುರಿಗೆ ಕೂರುವವರು ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಇಬ್ಬರೂ ಸರಿಯಾಗಿ ಕಾಯಿ ಬಿಡಿಸಿಕೊಂಡ ಮೇಲೆ ದಾಳಿ ಎಲ್ಲಿಂದ ಹುಟ್ಟುತ್ತದೆ? ಅದನ್ನು ಈ ಆಟ ಹೇಳುತ್ತದೆ.

ಅಲ್ಲದೆ ಆನಂದ್ ಕಪ್ಪು ಕಾಯಿ. ಕಪ್ಪಿನಲ್ಲಿ ಸುಮ್ನೆ ಡ್ರಾಗೆ ಆಡಬೇಕು ಎಂದು ತುಂಬಾ ಮಕ್ಕಳ ತಲೆಯಲ್ಲಿ ಕೂತಿದೆ. ಅದು ಹೋಗಬೇಕು.

ಪಾಂಡವಪುರದ ಮೇಷ್ಟ್ರು

ಇಬ್ಬರ ಮಾತೂ ಓದಿದೆ. ಓಪನಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹತ್ತನೆಯ ತರಗತಿಯ ಹುಡುಗಿಗೆ ಹೇಳಿಕೊಟ್ಟ ಕ್ರಮದಲ್ಲೇ ಬರೆಯುತ್ತೇನೆ, ಅವಳಿಗೆ ಅರ್ಥ ಆಗಿದೆ.

ಕಪ್ಪು ಸಿ6, ಇ6 ಎರಡೂ ಆಡುತ್ತದೆ. ಡಿ5 ಗಟ್ಟಿಯಾಗುತ್ತದೆ. ಆದರೆ ಸಿ8ರ ಒಂಟೆಗೆ ಎಲ್ಲಾ ದಾರಿ ಮುಚ್ಚಿಹೋಗುತ್ತದೆ. ಸೆಮಿ ಸ್ಲಾವ್ (ಹೀಗೆ ಸಿ6, ಇ6 ಎರಡೂ ಇಡುವ ಓಪನಿಂಗ್) ಆಡುವವರಿಗೆಲ್ಲ ಇದೇ ತಲೆನೋವು. ಈ ಒಂಟೆಯನ್ನು ಹೊರಗೆ ತರುವುದು ಹೇಗೆ ಎನ್ನುವ ಪ್ರಶ್ನೆಗೆ ಕೊಟ್ಟ ಒಂದು ಉತ್ತರವೇ ಮೆರಾನ್.

ಉತ್ತರ ಹೀಗಿದೆ. ಮೊದಲು ಕಾಯಬೇಕು. ಬಿಳಿ ಒಂಟೆ ಎಫ್1 ಬಿಟ್ಟು ಡಿ3ಕ್ಕೆ ಬರುವವರೆಗೆ ಸಿ4 ಹೊಡೆಯಬಾರದು. ಅದು ಡಿ3ಕ್ಕೆ ಬಂದ ಕೂಡಲೇ ಹೊಡೆಯಬೇಕು. ಆಗ ಬಿಳಿ ಅದೇ ಒಂಟೆಯನ್ನು ಇನ್ನೊಂದು ಸಲ ನಡೆಸಿ ಸಿ4ಕ್ಕೆ ಬರಬೇಕಾಗುತ್ತದೆ. ಬಿಳಿಯ ಒಂದು ನಡೆ ನಷ್ಟ. ತಕ್ಷಣ ಬಿ5. ಒಂಟೆ ಮತ್ತೆ ಓಡಬೇಕು. ಬಿ ಕಾಲಾಳು ಮುಂದೆ ಹೋಗಿದ್ದರಿಂದ ಬಿ7 ಖಾಲಿಯಾಯಿತು. ನಮ್ಮ ಒಂಟೆ ಅಲ್ಲಿಗೆ ಬಂತು.

ಆದರೂ ಕೆಲಸ ಮುಗಿದಿಲ್ಲ. ಬಿ7ರ ಮುಂದೆ ಸಿ6ರಲ್ಲಿ ನಮ್ಮದೇ ಕಾಲಾಳು ಇದೆ. ಅದನ್ನು ಸಿ5ಕ್ಕೆ ತಳ್ಳಿದರೆ ಮಾತ್ರ ಬಿ7ರಿಂದ ಜಿ2ವರೆಗೆ ಇಡೀ ಓರೆ ಗೆರೆ ತೆರೆದುಕೊಳ್ಳುತ್ತದೆ. ಆನೆ ಸಿ8ಕ್ಕೆ ಬಂದದ್ದೂ ಆ ಸಿ5ಕ್ಕೇ. ಹಾಗಾಗಿ ಮೆರಾನ್ ಆಡುವವರು ನೆನಪಿಡಬೇಕಾದ್ದು ಒಂದೇ ಪ್ರಶ್ನೆ: ಸಿ5 ಯಾವಾಗ? ಬಿಳಿ ಮಾಡುವ ಪ್ರತಿ ನಡೆಯನ್ನೂ "ಇದು ಸಿ5 ತಡೆಯುತ್ತದಾ, ಬಿಡುತ್ತದಾ" ಎಂದು ನೋಡಿ. ಉಳಿದ ನಡೆಗಳು ತಾವಾಗಿಯೇ ಹೊಳೆಯುತ್ತವೆ.

ಅರೋನಿಯನ್ 12ನೆಯ ನಡೆಯಲ್ಲಿ ಕುದುರೆ ಜಿ5 ಆಡಿದರು. ಹೆಚ್7 ಮೇಲೆ ಎರಡು ಕಾಯಿ ಬಿದ್ದವು. ಆನಂದ್ ಹೆಚ್7 ಕಾಯಲು ಕೂರಲಿಲ್ಲ. ಸಿ5 ಆಡಿಬಿಟ್ಟರು. ಇಡೀ ಓಪನಿಂಗ್ ಈ ಒಂದು ನಡೆಯಲ್ಲಿದೆ.

ಚಾಮುಂಡಿಪುರಂ ಹೊಸಬ

ಮೇಷ್ಟ್ರೇ, ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಧನ್ಯವಾದ. ಒಂದು ಸಂಶಯ. ಹೆಚ್7ರ ಕಾಲಾಳು ಹೋದರೆ ನಮ್ಮ ರಾಜನ ಮುಂದೆ ಬಯಲಾಗುತ್ತದಲ್ವಾ? ಅದಾದ ಮೇಲೆ ಆ ಕುದುರೆ ಎಫ್8ರ ಆನೆಯನ್ನೂ ಹೊಡೆಯುತ್ತದೆ. ಆನಂದ್ ಅದನ್ನು ಬಿಟ್ಟು ಜಿ4ಕ್ಕೆ ಕುದುರೆ ಹಾಕಿದ್ದು ನನಗೆ ಇನ್ನೂ ಅರ್ಥ ಆಗಿಲ್ಲ. ಹೆಚ್7ರ ಕುದುರೆಯನ್ನು ಸುಮ್ನೆ ಹೊಡೆಯಬಹುದಿತ್ತು.

ಕುಕ್ಕರಹಳ್ಳಿ ಕುದುರೆ

ಒಳ್ಳೆಯ ಪ್ರಶ್ನೆ. ಬೋರ್ಡ್‌ನಲ್ಲಿ 13ನೆಯ ನಡೆಯ ಸ್ಥಿತಿ ಇಡಿ, ಜೊತೆಗೆ ನೋಡೋಣ.

ಕುದುರೆಯಿಂದ ಹೆಚ್7 ಹೊಡೆದರೆ ಬಿಳಿ ಒಂಟೆ ಚೆಕ್ ಕೊಟ್ಟು ಅಲ್ಲಿಗೆ ಬರುತ್ತದೆ. ಬಿಳಿಗೆ ಒಂದು ಕಾಲಾಳು ಲಾಭ, ನಮ್ಮ ರಾಜನ ಹತ್ತಿರ ಇದ್ದ ಏಕೈಕ ಕಾವಲು ಕುದುರೆಯೂ ಹೋಯಿತು. ನಮ್ಮ ದಾಳಿಗೆ ಕಾಯಿಯೇ ಉಳಿಯಲಿಲ್ಲ.

ಜಿ4ಕ್ಕೆ ಹೋದರೆ? ಈಗ ಡಿ6ರ ಒಂಟೆ ಮತ್ತು ಜಿ4ರ ಕುದುರೆ ಎರಡೂ ಹೆಚ್2 ನೋಡುತ್ತಿವೆ. ಬಿಳಿ ಆಸೆಪಟ್ಟು ಕೂಡಲೇ ಎಫ್8ರ ಆನೆ ಹೊಡೆದರೆ ಒಂಟೆ ಹೆಚ್2 ಚೆಕ್, ರಾಜ ಹೆಚ್1, ರಾಣಿ ಹೆಚ್4. ಇನ್ನು ಒಂಟೆ ಸರಿದರೆ ರಾಣಿಯ ಚೆಕ್ ಬೀಳುತ್ತದೆ. ಬಿಳಿ ಈ ಬೆಂಕಿಯನ್ನು ತಡೆಯಬೇಕು. ಅದಕ್ಕೇ ಅರೋನಿಯನ್ ಆನೆಗೆ ಕೈ ಹಾಕದೆ 14. ಎಫ್4 ಆಡಿದರು. ಡಿ6ರಿಂದ ಹೆಚ್2ಗೆ ಹೋಗುವ ಗೆರೆ ಮುಚ್ಚಿತು.

ಇಲ್ಲಿ ಸ್ವಲ್ಪ ನಿಲ್ಲಿ. ಮಕ್ಕಳಿಗೆ ತೋರಿಸುವಾಗಲೂ ಇಲ್ಲೇ ನಿಲ್ಲಿಸಿ. ಎಫ್4 ಒಂದು ಗೆರೆ ಮುಚ್ಚಿತು, ಇನ್ನೊಂದು ಗೆರೆ ತೆರೆಯಿತು. ಎಫ್2 ಖಾಲಿ. ಜಿ1ರಲ್ಲಿ ಕೂತ ರಾಜನಿಗೆ ಎ7ರ ಕಡೆಯಿಂದ ಬರುವ ಓರೆ ಗೆರೆಗೆ ಬಿಳಿ ಕಡೆಯಿಂದ ಈಗ ಅಡ್ಡ ಇರುವುದು ಇ3, ಡಿ4ರ ಕಾಲಾಳುಗಳು ಮಾತ್ರ. ಆನಂದ್ ಸಿ×ಡಿ4 ಮಾಡಿದರು. ಇ×ಡಿ4 ಬಂತು. ಇ3 ಕೂಡ ಖಾಲಿಯಾಯಿತು. ಆಗ ಒಂಟೆ ಡಿ6 ಬಿಟ್ಟು ಸಿ5ಕ್ಕೆ ಬಂತು, ಕಾಲಾಳಿನ ಬಾಯಿಗೇ. ಕಾಲಾಳು ಅದನ್ನು ಹೊಡೆದರೆ ಡಿ7ರ ಕುದುರೆ ಸಿ5ಕ್ಕೆ ಬಂದು ಡಿ3ರ ಒಂಟೆ ಮೇಲೆ ಬೀಳುತ್ತದೆ, ಡಿ ಸಾಲು ತೆರೆದು ರಾಣಿಗೆ ಡಿ4ರಲ್ಲಿ ಚೆಕ್ ಸಿಗುತ್ತದೆ.

ಅರೋನಿಯನ್ ಒಂಟೆ ಇ2 ಆಡಿ ಜಿ4ರ ಕುದುರೆ ಕೆಣಕಿದರು. ಆನಂದ್ ಎರಡನೆಯ ಕುದುರೆಯನ್ನು ಇ5ಕ್ಕೆ ಹಾಕಿದರು. ಈ ನಡೆ ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎಫ್ ಕಾಲಾಳಿಗೆ ಅದನ್ನು ಹೊಡೆಯಬಹುದು. ಹೊಡೆದರೆ ರಾಣಿ×ಡಿ4 ಚೆಕ್. ರಾಜ ಹೆಚ್1ಕ್ಕೆ ಹೋದರೆ ರಾಣಿ ಜಿ1 ಚೆಕ್! ಸಿ5ರ ಒಂಟೆಯ ಬಲ ಇರುವುದರಿಂದ ರಾಜ ರಾಣಿಯನ್ನು ಹೊಡೆಯುವಂತಿಲ್ಲ. ಆನೆಯಿಂದಲೇ ಹೊಡೆಯಬೇಕು. ಕುದುರೆ ಎಫ್2, ಮೇಟ್. ತನ್ನದೇ ಕಾಯಿಗಳ ನಡುವೆ ರಾಜ ಉಸಿರುಕಟ್ಟಿ ಸಾಯುತ್ತಾನೆ. ಬಿಳಿ ರಾಣಿ ಸಿ2ರಲ್ಲೇ ಇದೆ, ಆದರೆ ಎಫ್2 ಕಾಯಲು ಆಗದು, ಏಕೆಂದರೆ ಇ2ಕ್ಕೆ ಈಗ ತಾನೇ ಬಂದ ಬಿಳಿ ಒಂಟೆ ಅಡ್ಡ ನಿಂತಿದೆ.

ಸರಸ್ವತಿಪುರಂ ಅಮ್ಮ

ನನ್ನ ಮಗನಿಗೆ ಹನ್ನೆರಡು ವರ್ಷ. ಇದನ್ನು ಅವನ ಜೊತೆ ಕೂತು ನೋಡಿದೆ, ಹೇಗೆ ನೋಡಿದೆವು ಎಂದು ಹೇಳುತ್ತೇನೆ, ಬೇರೆ ಪೋಷಕರಿಗೂ ಉಪಯೋಗ ಆಗಬಹುದು.

ನಡೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಮೇಲೆ ಇನ್ನೊಂದು ಹಾಳೆ ಇಟ್ಟು ಮುಚ್ಚಿದೆ. ಬಿಳಿಯ ನಡೆ ಮಾತ್ರ ನಾನು ತೋರಿಸುತ್ತಿದ್ದೆ. ಕಪ್ಪಿನ ನಡೆ ಅವನು ಯೋಚಿಸಿ ಹೇಳಬೇಕು, ಕಾರಣವನ್ನೂ ಹೇಳಬೇಕು. ಆಮೇಲೆ ಹಾಳೆ ಸರಿಸಿ ಆನಂದ್ ಏನು ಆಡಿದರು ನೋಡುವುದು. ಮೊದಲ ಐದು ನಡೆಗೆ ಇದೆಲ್ಲ ಬೇಡ, ನೇರ ಇಟ್ಟುಬಿಟ್ಟೆವು. ಆರನೆಯದರಿಂದ ಶುರು ಮಾಡಿದೆವು.

13ನೆಯ ನಡೆಯಲ್ಲಿ ಅವನೂ ಕುದುರೆಯಿಂದ ಹೊಡೆಯೋಣ ಅಂದ. 15ರಲ್ಲಿ ಸಿ5 ಹೊಳೆಯಲೇ ಇಲ್ಲ. ಆದರೆ 16ನೆಯ ನಡೆಗೆ ಬರುವಷ್ಟರಲ್ಲಿ ಜಿ1ರ ಗೆರೆಯ ಮೇಲೆ ಅವನ ಕಣ್ಣು ಬಿದ್ದಿತ್ತು. ಎಫ್2ಗೆ ಕುದುರೆ ಹೋಗಬೇಕು ಎಂದು ತಾನೇ ಹೇಳಿದ. ಮೊಬೈಲಿನಲ್ಲಿ ಬಾಣ ಒತ್ತಿ ಒತ್ತಿ ನೋಡಿದ್ದರೆ ಇದು ಆಗುತ್ತಿರಲಿಲ್ಲ.

ಒಂದು ವಿಷಯ ಮಾತ್ರ ನನಗೆ ಕಷ್ಟವಾಗಿದೆ. ಪ್ರತಿ ನಡೆಗೂ ಎಂಜಿನ್ (ನಡೆ ಲೆಕ್ಕ ಹಾಕುವ ಚೆಸ್ ಸಾಫ್ಟ್‌ವೇರ್) ಹಾಕಿ ನೋಡೋಣ ಎನ್ನುತ್ತಾನೆ. ಬೇಡ ಅಂದರೆ ಮುಖ ಸಣ್ಣ ಮಾಡುತ್ತಾನೆ. ಏನು ಮಾಡಬೇಕು?

ಮಂಡ್ಯದ ಆನೆ

ಅಕ್ಕ, ಎಂಜಿನ್ ಬೇಡವೇ ಬೇಡ ಅನ್ನುವುದು ಸರಿಯಲ್ಲ. ಸ್ಟಾಕ್‌ಫಿಶ್ ಎಂಬ ಎಂಜಿನ್ ಉಚಿತ, ಲಿಚೆಸ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇದೇ ಆಟದ ಹಿಂದೆಯೂ ಎಂಜಿನ್ ಇದೆ. ಆನಂದ್ 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಂಡ್ ಜೊತೆ ವಿಶ್ವ ಚಾಂಪಿಯನ್‌ಶಿಪ್ ಆಡಿದರು. 12 ಆಟ ಆದಮೇಲೆ 6–6, ಆಮೇಲೆ ಕಡಿಮೆ ಸಮಯದ ರ‍್ಯಾಪಿಡ್ ಟೈಬ್ರೇಕ್‌ನಲ್ಲಿ ಗೆದ್ದರು. ಆ ಪಂದ್ಯಕ್ಕೆ ಅವರ ತಂಡ ಮಾಡಿಟ್ಟ ತಯಾರಿ ಈ ಆಟದಲ್ಲಿ ಬಳಕೆಗೆ ಬಂತು. ಅಂಥ ತಯಾರಿ ಎಂಜಿನ್ ಇಲ್ಲದೆ ಆಗದು. ಹಾಗಿರುವಾಗ ಮಕ್ಕಳಿಗೆ ಮಾತ್ರ ಬೇಡ ಅನ್ನುವುದು ಯಾವ ನ್ಯಾಯ?

ಪಾಂಡವಪುರದ ಮೇಷ್ಟ್ರು

ನೀವು ಹೇಳಿದ್ದು ನಿಜ. ಆದರೆ ಎಂಜಿನ್ ಮುಂದೆ ಕೂತ ಆನಂದ್ ತಂಡದ ಕೈಯಲ್ಲಿ ಒಂದು ಪ್ರಶ್ನೆ ಇತ್ತು. ಹೆಚ್7 ಬಿಟ್ಟುಕೊಟ್ಟರೆ ಸಾಕಷ್ಟು ದಾಳಿ ಸಿಗುತ್ತದಾ ಎಂದು ಕೇಳಬೇಕು ಅನ್ನಿಸುವುದಕ್ಕೇ ಮೊದಲು ಆಟ ಗೊತ್ತಿರಬೇಕು. ಮಗುವಿನ ಕೈಯಲ್ಲಿ ಪ್ರಶ್ನೆ ಇಲ್ಲದಿದ್ದರೆ ಎಂಜಿನ್ ಕೊಡುವುದು ಒಂದು ಅಂಕಿ. ಆ ಅಂಕಿ ನೋಡಿ ಮಗು "ಕಪ್ಪಿಗೆ ಒಳ್ಳೆಯದು" ಎಂದು ಹೇಳಿ ಮುಂದೆ ಹೋಗುತ್ತದೆ. ಏಕೆ ಒಳ್ಳೆಯದು ಎಂದು ಕೇಳಿ, ಸುಮ್ಮನಾಗುತ್ತದೆ.

ಅಮ್ಮನವರಿಗೆ ನನ್ನ ಸಲಹೆ: ಆಟ ಪೂರ್ತಿ ಕೈಯಲ್ಲೇ ಆಡಿ ಮುಗಿಸಿ. ಅನುಮಾನ ಬಂದ ಜಾಗಗಳನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯಲಿ. "14ರಲ್ಲಿ ಆನೆ ಹೊಡೆದಿದ್ದರೆ?" ಅಂತ. ಕೊನೆಗೆ ಆ ಪ್ರಶ್ನೆಗಳನ್ನು ಮಾತ್ರ ಎಂಜಿನ್‌ಗೆ ಹಾಕಲಿ. ತನ್ನ ಉತ್ತರ ಮೊದಲು ಬರೆದಿಟ್ಟಿರಬೇಕು. ಆಗ ಅವನ ಮುಖವೂ ಸಣ್ಣ ಆಗುವುದಿಲ್ಲ.

ಮಂಡ್ಯದ ಆನೆ

ಇದು ಒಪ್ಪುತ್ತೇನೆ ಮೇಷ್ಟ್ರೇ. ನಮ್ಮ ಕಡೆಯೂ ಹೀಗೇ ಮಾಡಿಸುತ್ತೇನೆ.

ಇನ್ನೊಂದು ಮಾತು. ಮೆರಾನ್ ಎಂದರೆ ಬೇಜಾರು ಅಂದಿದ್ದೆನಲ್ಲ, ನಿನ್ನೆ ರಾತ್ರಿ ಪೂರ್ತಿ ಆಡಿ ನೋಡಿದ ಮೇಲೆ ಬಿಳಿ ಕಡೆಯಿಂದ ಒಂದು ಲೆಕ್ಕ ಹಾಕಿದೆ. ಬಿಳಿಯ ರಾಜನ ಕಡೆಯ ಕುದುರೆ ಎಫ್3, ಜಿ5, ಹೆಚ್7, ಎಫ್8, ಜಿ6 ಎಂದು ಐದು ಸಲ ನಡೆಯಿತು. ಅದೇ ಕಡೆಯ ಒಂಟೆ ಡಿ3, ಸಿ4, ಮತ್ತೆ ಡಿ3, ಇ2, ಜಿ4 ಎಂದು ಐದು ಸಲ. 23ರಲ್ಲಿ ಹತ್ತು ನಡೆ ಈ ಎರಡೇ ಕಾಯಿಗೆ ಹೋಯಿತು, ಕೊನೆಗೆ ಎರಡೂ ಸತ್ತವು. ಆ ಕಡೆ ಸಿ1ರ ಒಂಟೆ, ಎ1ರ ಆನೆ ಆಟ ಮುಗಿಯುವವರೆಗೆ ಕದಲಲೇ ಇಲ್ಲ. ಮಾರ್ಫಿ ಆಟದಲ್ಲಿ ನಾನು ತೋರಿಸುವ ಪಾಠ ಇಲ್ಲೂ ಇದೆ. ವಿಶ್ವದ ಅಗ್ರ ಆಟಗಾರನಿಗೂ ಅದೇ ನಿಯಮ ಅನ್ವಯ ಆಗುತ್ತದೆ ಎನ್ನುವುದು ಹುಡುಗರಿಗೆ ಹೇಳಬೇಕಾದ ವಿಷಯ.

ಕುಕ್ಕರಹಳ್ಳಿ ಕುದುರೆ

ಇದನ್ನು ನಾನು ಗಮನಿಸಿರಲಿಲ್ಲ, ಬಹಳ ಚೆನ್ನಾಗಿದೆ. ಇದಕ್ಕೆ ಇನ್ನೊಂದು ಸೇರಿಸಿ: ಕಪ್ಪು ರಾಣಿ ಮೊದಲ ಸಲ ಕದಲಿದ್ದು 20ನೆಯ ನಡೆಯಲ್ಲಿ. ಅಲ್ಲಿಯವರೆಗೆ ಡಿ8ರಲ್ಲೇ ಕೂತು ಬರೀ ಹೆದರಿಸುವ ಕೆಲಸ ಮಾಡಿತು.

ಪಾಂಡವಪುರದ ಮೇಷ್ಟ್ರು

ಈಗ ಇದರ ಹಿಂದಿನ ಆಟ ತೋರಿಸುತ್ತೇನೆ. ಅದಿಲ್ಲದೆ ಈ ಅಧ್ಯಯನ ಅರ್ಧವೇ.

1907, ಪೋಲೆಂಡ್‌ನ ಲೋಡ್ಜ್ ಊರು. ಬಿಳಿ ರೊಟ್ಲೆವಿ, ಕಪ್ಪು ಅಕಿಬಾ ರುಬಿನ್‌ಸ್ಟೈನ್. ಓಪನಿಂಗ್ ಬೇರೆ, ಟಾರಾಶ್ ಬಗೆಯದು. ಆದರೆ 19ನೆಯ ನಡೆಯ ಹೊತ್ತಿಗೆ ಬೋರ್ಡ್ ನೋಡಿ. ಕಪ್ಪಿನ ಒಂಟೆ ಬಿ7ರಲ್ಲಿ, ಆನೆ ಸಿ8ರಲ್ಲಿ. ಇನ್ನೊಂದು ಒಂಟೆ ಹೆಚ್2 ಕಡೆ ನೋಡುತ್ತಿತ್ತು. ಬಿಳಿ 17. ಎಫ್4 ಆಡಿ ಆ ಗೆರೆ ಮುಚ್ಚಿತು. ಒಂಟೆ ಸಿ7ಕ್ಕೆ ಹಿಂದೆ ಸರಿಯಿತು, ಆಮೇಲೆ ಬಿ6ರಿಂದ ಚೆಕ್. ಅದೇ ಜಿ1ರ ಗೆರೆ! ರಾಜ ಹೆಚ್1ಕ್ಕೆ ಹೋದ. ಕುದುರೆ ಜಿ4ಕ್ಕೆ ಬಂತು.

ಎರಡೂ ಆಟದಲ್ಲಿ ಬಿಳಿ ಎಫ್4ರಿಂದ ಹೆಚ್2 ಉಳಿಸಿಕೊಂಡಿತು, ಎಫ್4ರಿಂದಲೇ ಜಿ1 ಕಳೆದುಕೊಂಡಿತು. ಎರಡೂ ಆಟದಲ್ಲಿ ಕಪ್ಪು ಒಂಟೆ ಗೆರೆ ಬದಲಿಸಿತು. ಮಕ್ಕಳಿಗೆ ಕಲಿಸಬೇಕಾದ್ದು ಈ ಗೆರೆ ಬದಲಾವಣೆ.

ಮುಂದಿನದು ಎಲ್ಲರಿಗೂ ಗೊತ್ತಿರಬಹುದು, ಆದರೂ ಬರೆಯುತ್ತೇನೆ. 21. ಒಂಟೆ ಇ4, ರಾಣಿ ಹೆಚ್4. 22. ಜಿ3, ಆನೆ×ಸಿ3! ರಾಣಿ ಸಾಯುತ್ತಿದ್ದರೂ ಬಿಟ್ಟರು. 23. ಜಿ×ಹೆಚ್4, ಆನೆ ಡಿ2! ಎರಡನೆಯ ಆನೆಯನ್ನೂ ಬಾಯಿಗೆ ಇಟ್ಟರು. 24. ರಾಣಿ×ಡಿ2, ಒಂಟೆ×ಇ4 ಚೆಕ್. 25. ರಾಣಿ ಜಿ2, ಆನೆ ಹೆಚ್3. ಹೆಚ್2ರಲ್ಲಿ ಮೇಟ್ ತಡೆಯಲು ಆಗದೆ ಬಿಳಿ ಸೋಲೊಪ್ಪಿತು.

ಇನ್ನೊಂದು ವಿಷಯ. ಮೆರಾನ್ ಎಂಬ ಹೆಸರು ಇಟಲಿಯ ಮೆರಾನ್ ಊರಿನಿಂದ ಬಂತು. 1924ರಲ್ಲಿ ಅಲ್ಲಿನ ಟೂರ್ನಿಯಲ್ಲಿ ಗ್ರುನ್‌ಫೆಲ್ಡ್ ವಿರುದ್ಧ ಕಪ್ಪಿನಲ್ಲಿ ಈ ಓಪನಿಂಗ್ ಆಡಿ ಗೆದ್ದವರು ಯಾರು ಗೊತ್ತಾ? ಅದೇ ರುಬಿನ್‌ಸ್ಟೈನ್. ಅಂದರೆ ಆನಂದ್ ಆಡಿದ ಓಪನಿಂಗೂ ಅವರದೇ, ದಾಳಿಯ ರೂಪವೂ ಅವರದೇ. ನೂರು ವರ್ಷ ಹಳೆಯ ಆಟ ಏಕೆ ನೋಡಬೇಕು ಎಂದು ಕೇಳುವವರಿಗೆ ನಾನು ಈ ಎರಡು ಆಟ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಒಂಟಿಕೊಪ್ಪಲು ಅಜ್ಜ

ತುಂಬಾ ಖುಷಿಯಾಯಿತು ಓದಿ. ಹಳೆಯದರ ಮಾತು ಬಂದದ್ದರಿಂದ ಒಂದು ನೆನಪು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯ ಬಗ್ಗೆ ಬಹಳ ಕೆಲಸ ಮಾಡಿದವರು. ಒಂದು ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕ. ಮಕ್ಕಳಿಗೆ ಆಟದ ನಡುವೆ ಬಿಡುವು ಕೊಟ್ಟಾಗ ಇದನ್ನು ಮಾಡಿಸಿ. ಕುದುರೆ ಎಲ್ಲಿಂದ ಎಲ್ಲಿಗೆ ಎಷ್ಟು ನಡೆಯಲ್ಲಿ ಹೋಗುತ್ತದೆ ಎಂದು ಕಣ್ಣಿಗೆ ಕೂತುಬಿಡುತ್ತದೆ. ಈ ಆಟದಲ್ಲಂತೂ ಎರಡೂ ಕಡೆ ಕುದುರೆಗಳದ್ದೇ ಓಡಾಟ.

ಮತ್ತೆ ಮಕ್ಕಳಿಗೆ ಇದನ್ನೂ ಹೇಳಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ನಮ್ಮ ಮೈಸೂರಿನವರೇ, 2017ರಲ್ಲಿ ಆದರು. ಆಮೇಲೆ ಗಿರೀಶ್ ಕೌಶಿಕ್, ಅವರೂ ಇಲ್ಲಿಯವರೇ. ಗ್ರ್ಯಾಂಡ್‌ಮಾಸ್ಟರ್ ಆಗಲು ಚೆನ್ನೈನಲ್ಲೇ ಹುಟ್ಟಬೇಕು ಎಂದು ನಮ್ಮ ಮಕ್ಕಳು ತಿಳಿಯಬಾರದು.

ಚಾಮುಂಡಿಪುರಂ ಹೊಸಬ

ಅಜ್ಜ, ಕುದುರೆ ಓಟ ಇವತ್ತೇ ಶುರು ಮಾಡುತ್ತೇನೆ.

ನನಗೆ ಕೊನೆಯ ಭಾಗದಲ್ಲಿ ಎರಡು ಪ್ರಶ್ನೆ ಇದೆ. ಒಂದು, 19ರಲ್ಲಿ ಬಿಳಿ ಕುದುರೆ ಎಫ್8ರ ಆನೆ ಹೊಡೆಯಿತು. ಆನಂದ್ ರಾಜನಿಂದ ಅದನ್ನು ಹೊಡೆಯದೆ ಎಫ್5 ಆಡಿದರು. ಏಕೆ? ಆ ಕುದುರೆ ಇ6 ಹೊಡೆದು ರಾಣಿ ಮೇಲೆ ಬೀಳುತ್ತದಲ್ಲ? ಎರಡು, 23ರಲ್ಲಿ ಒಂಟೆ ಇ3 ಆದ ಕೂಡಲೇ ಬಿಳಿ ಏಕೆ ಕೈಚೆಲ್ಲಿತು?

ಕುಕ್ಕರಹಳ್ಳಿ ಕುದುರೆ

ಮೊದಲನೆಯದು. ಬಿಳಿ ರಾಣಿ ಸಿ2ರಿಂದ ಹೆಚ್7ವರೆಗೆ ಓರೆಯಲ್ಲಿ ನೋಡುತ್ತಿದೆ. ರಾಜ ಎಫ್8ಕ್ಕೆ ಹೋದರೆ ರಾಣಿ ಹೆಚ್7ಕ್ಕೆ ನುಗ್ಗುತ್ತದೆ. ಎಫ್5 ಆ ದಾರಿ ಮುಚ್ಚುತ್ತದೆ, ಜೊತೆಗೆ ಜಿ4ರ ಕುದುರೆಗೆ ಬಲ ಕೊಡುತ್ತದೆ. ಆನೆ ಹೋದರೂ ಕೆಲಸ ಮಾಡುತ್ತಿರುವ ಕಾಯಿಗಳು ಯಾರ ಕಡೆ ಇವೆ ನೋಡಿ. ಕಪ್ಪಿನ ಎರಡು ಒಂಟೆ, ಒಂದು ಕುದುರೆ, ರಾಣಿ, ನಾಲ್ಕೂ ಬಿಳಿ ರಾಜನ ಮೇಲೆ ಬೀಳಲು ಸಿದ್ಧ.

ಇ6 ಹೊಡೆದರೆ ರಾಣಿ ಹೆಚ್4ಕ್ಕೆ ಹೋಗುತ್ತದೆ. ಹೆಚ್2ರಲ್ಲಿ ಮೇಟ್ ಬೆದರಿಕೆ. ಬಿಳಿ ಡಿ4ರ ಒಂಟೆ ಹೊಡೆದರೆ ನೇರ ರಾಣಿ×ಹೆಚ್2 ಮೇಟ್. ಹೆಚ್3 ಆಡಿದರೆ ರಾಣಿ ಜಿ3, ಮತ್ತೆ ಹೆಚ್2 ಮೇಲೆ ಕಣ್ಣು. ಹೆಚ್ ಕಾಲಾಳು ಜಿ4ರ ಕುದುರೆ ಹೊಡೆದರೆ ರಾಣಿ ಹೆಚ್4, ಮೇಟ್. ಡಿ4ರ ಒಂಟೆ ಜಿ1 ಕಾಯುತ್ತಿರುವುದರಿಂದ ರಾಜನಿಗೆ ಹೋಗಲು ಮನೆಯಿಲ್ಲ. ಅರೋನಿಯನ್ ಕುದುರೆಯನ್ನು ಜಿ6ಕ್ಕೆ ತಂದದ್ದೂ ಇದಕ್ಕೇ, ಅಲ್ಲಿಂದ ಅದು ಹೆಚ್4 ಕಾಯುತ್ತದೆ.

21ರಲ್ಲಿ ರಾಣಿ ಜಿ6ರ ಕುದುರೆ ಹೊಡೆದ ಮೇಲೆ ಹೆಚ್ ಕಾಲಾಳಿನಿಂದ ಜಿ4 ಹೊಡೆದರೆ ಏನಾಗುತ್ತದೆ ಎಂದು ನೀವೇ ಬೋರ್ಡ್‌ನಲ್ಲಿ ನೋಡಿ. ರಾಣಿ ಹೆಚ್6, ಅಲ್ಲಿಗೆ ಮುಗಿಯಿತು. ಸಿ1ರ ಒಂಟೆ ಹೆಚ್6ಕ್ಕೆ ಬರಬಹುದಿತ್ತು, ಆದರೆ ಎಫ್4ರ ಕಾಲಾಳು ಅದರ ದಾರಿಗೇ ಅಡ್ಡ. ಮತ್ತೆ ಆ ಎಫ್4!

ಎರಡನೆಯದು. ಕಪ್ಪಿನ ಬೆದರಿಕೆ ರಾಣಿ×ಹೆಚ್3. ಜಿ2ರ ಕಾಲಾಳು ಅದನ್ನು ಹೊಡೆಯುವಂತಿಲ್ಲ. ಏಕೆಂದರೆ ಬಿ7ರ ಒಂಟೆ ಇಡೀ ಗೆರೆ ದಾಟಿ ಹೆಚ್1ರ ರಾಜನನ್ನು ನೋಡುತ್ತಿದೆ, ಜಿ2 ಕಟ್ಟಿಬಿದ್ದಿದೆ. ಅರೋನಿಯನ್ 23. ರಾಣಿ ಡಿ3 ಆಡಿದ್ದು ಅಡ್ಡ ಸಾಲಿನಲ್ಲಿ ಹೆಚ್3 ಕಾಯಲು. ಆನಂದ್ ಒಂಟೆಯನ್ನು ಇ3ರಲ್ಲಿ, ಆ ಸಾಲಿನ ನಡುವೆ ಇಟ್ಟರು. ರಾಣಿಯ ಕಾವಲು ತಪ್ಪಿತು. ಸಿ1ರ ಒಂಟೆಯಿಂದ ಇ3 ಹೊಡೆದರೂ ಸಾಲು ಮುಚ್ಚಿಯೇ ಇರುತ್ತದೆ, ರಾಣಿ×ಹೆಚ್3 ಚೆಕ್, ರಾಜ ಜಿ1, ರಾಣಿ×ಜಿ2 ಮೇಟ್. ಬಿಳಿ ರಾಣಿಯೇ ಇ3 ಹೊಡೆದರೆ ಕುದುರೆ ಆ ರಾಣಿಯನ್ನು ಹೊಡೆಯುತ್ತದೆ.

"ಬಿ7ರ ಒಂಟೆ ಅಲ್ಲೇಕೆ" ಎಂದು ಮೊದಲ ಪೋಸ್ಟ್‌ನಲ್ಲಿ ಕೇಳಿದ್ದೆ. ಹತ್ತನೆಯ ನಡೆಯಲ್ಲಿ ಬಂದ ಆ ಒಂಟೆ ಆಮೇಲೆ ಒಂದು ಸಲವೂ ಕದಲಲಿಲ್ಲ. ಅದಿಲ್ಲದಿದ್ದರೆ ಈ ಕೊನೆ ಇಲ್ಲ.

ಸರಸ್ವತಿಪುರಂ ಅಮ್ಮ

ಮಗನಿಗೆ ಇದನ್ನು ಓದಿ ಹೇಳಿದೆ. ಈಗ ಅವನದ್ದೇ ಒಂದು ಪ್ರಶ್ನೆ, ಪೆನ್ಸಿಲ್‌ನಲ್ಲಿ ಬರೆದುಕೊಂಡದ್ದು. 12ರಲ್ಲಿ ಬಿಳಿ ಕುದುರೆ ಜಿ5 ಬದಲು ಬಿ4 ಆಡಿ ಸಿ5 ತಡೆದರೆ ಕಪ್ಪು ಏನು ಮಾಡಬೇಕು? ಎ3 ಆಡಿದ್ದೇ ಅದಕ್ಕಲ್ವಾ ಎಂದು ಕೇಳುತ್ತಿದ್ದಾನೆ. ಅವನ ಉತ್ತರ: ಎ5 ಆಡಿ ಬಿ4 ಒಡೆಯಬೇಕು.

ಪಾಂಡವಪುರದ ಮೇಷ್ಟ್ರು

ಹುಡುಗ ಸರಿಯಾದ ಜಾಗಕ್ಕೇ ಬಂದಿದ್ದಾನೆ. ಎ3 ಬಿ4ಕ್ಕೆ ಬಲ ಕೊಡುವ ನಡೆಯೇ. ಬಿ4 ಬಂದರೆ ಎ5 ಆಡಿ ಆ ಕಾಲಾಳನ್ನು ಕೆಣಕುವುದು ಸಹಜ ಉತ್ತರ. ಅದರ ಜೊತೆ ಇನ್ನೊಂದು ನೆನಪಿಡಲಿ: ಸಿ5 ಆಗದಿದ್ದರೆ ಇ5 ಇದೆ. ಡಿ6ರ ಒಂಟೆ, ಡಿ7ರ ಕುದುರೆ ಎರಡೂ ಇ5ಕ್ಕೆ ಬಲ ಕೊಡುತ್ತಿವೆ, ರಾಣಿ ಇ7ಕ್ಕೆ ಬಂದರೆ ಇನ್ನೂ ಗಟ್ಟಿ. ಒಂದು ಬಾಗಿಲು ಹಾಕಿದರೆ ಇನ್ನೊಂದರಿಂದ ಹೋಗುವ ಹಾಗೆ ಕಾಯಿ ಇಟ್ಟಿರುವುದೇ ಈ ಜೋಡಣೆಯ ಚೆಂದ.

ಈಗ ಎಂಜಿನ್ ಹಾಕಲಿ. ಬಿ4, ಎ5 ಆದಮೇಲೆ ಬಿಳಿ ಆನೆಯನ್ನು ಬಿ1ಕ್ಕೆ ತಂದರೆ ಏನು ಎನ್ನುವುದನ್ನು ಮಾತ್ರ ನೋಡಲಿ, ಮೂರು ನಡೆ ಮುಂದಕ್ಕೆ.

ಕುಕ್ಕರಹಳ್ಳಿ ಕುದುರೆ

ಅವನು ಬರೆದ ಹಾಳೆಯನ್ನು ಭಾನುವಾರ ತನ್ನಿ ಮೇಡಂ, ಬಿ4 ಭಾಗವನ್ನು ಅವನೇ ಬೋರ್ಡ್ ಮೇಲೆ ಎಲ್ಲರಿಗೂ ತೋರಿಸಲಿ.

ಮುಂದಿನ ತಿಂಗಳಿಗೆ ನನ್ನ ಸೂಚನೆ: 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ನಡೆದ ಕ್ರಾಮ್ನಿಕ್–ಆನಂದ್ ವಿಶ್ವ ಚಾಂಪಿಯನ್‌ಶಿಪ್‌ನ 3 ಮತ್ತು 5ನೆಯ ಆಟ. ಎರಡೂ ಮೆರಾನ್, ಎರಡರಲ್ಲೂ ಆನಂದ್ ಕಪ್ಪು, ಎರಡನ್ನೂ ಗೆದ್ದರು. ಆದರೆ ಅಲ್ಲಿ ಕಪ್ಪಿನ 8ನೆಯ ನಡೆ ಒಂಟೆ ಡಿ6 ಅಲ್ಲ, ಕಾಲಾಳು ಎ6. ಸಿ5 ಬರುವ ದಾರಿ ಬೇರೆ, ಒಂಟೆ ಬಿ7ಕ್ಕೆ ಬರುವುದೂ ತಡವಾಗಿ, 14ನೆಯ ನಡೆಯಲ್ಲಿ. ಮಂಡ್ಯದ ಆನೆಯವರು ಒಪ್ಪಿದರೆ ಮಾರ್ಫಿ ಆಟವನ್ನು ಅವರು ಚಿಕ್ಕ ಮಕ್ಕಳಿಗೆ ಒಂದು ಮೂಲೆಯಲ್ಲಿ ತೆಗೆದುಕೊಳ್ಳಲಿ, ನಾವು ಈ ಕಡೆ ಬಾನ್ ಆಟ ಇಡುತ್ತೇವೆ.

ಮಂಡ್ಯದ ಆನೆ

ಒಪ್ಪಿದೆ ಸರ್. ಎರಡು ಬೋರ್ಡ್ ನಾನೇ ತರುತ್ತೇನೆ. ಮಾರ್ಫಿ ಆಟ ಮುಗಿಸಿದ ಮಕ್ಕಳನ್ನು ಆಮೇಲೆ ನಿಮ್ಮ ಕಡೆಗೇ ಕಳಿಸುತ್ತೇನೆ, 14. ಎಫ್4 ಸ್ಥಿತಿ ಅವರಿಗಾಗಿ ಹಾಗೇ ಇಟ್ಟಿರಿ.